ಬೇಲಿಯಾಚೆಯ ಆಹಾ

ಹಾಲವಾಣದ ಮರ ಹೂ ಬಿಡುವ ಕಾಲಕ್ಕೆ ಆ ಊರಿಗೆ ಆಕಳಿಕೆ ಬಂತು. ಎಲ್ಲರಿಗೂ ಬರುವ ಮಾಮೂಲಿ ಆಕಳಿಕೆಯಲ್ಲ. ಒಬ್ಬ ಬಾಯಿ ತೆರೆದರೆ ಅವನನ್ನು ನೋಡಿದವನೂ ತೆರೆಯುತ್ತಿದ್ದ, ಅವನನ್ನು ನೋಡಿದವಳೂ ತೆರೆಯುತ್ತಿದ್ದಳು, ತೆರೆದ ಬಾಯಿ ಮುಚ್ಚುವ ಮೊದಲೇ ಮೂವರೂ ನಿಂತಲ್ಲೇ ನಿದ್ದೆ ಹೋಗುತ್ತಿದ್ದರು. ಸಂತೆಯಲ್ಲಿ ತಕ್ಕಡಿ ಹಿಡಿದವನು ತಕ್ಕಡಿ ಹಿಡಿದುಕೊಂಡೇ ಗೊರಕೆ ಹೊಡೆದ. ಮದುವೆ ಮಾಡಿಸುತ್ತಿದ್ದ ಪುರೋಹಿತ ಮಂತ್ರದ ನಡುವೆ ನಿದ್ದೆ ಹೋದ. ಮದುಮಕ್ಕಳು ಅರ್ಧ ಮದುವೆಯಾಗಿ, ಮುಂದೇನು ಎಂದು ತಿಳಿಯದೆ ಕೂತರು. ಊರ ಹಿರಿಯರು ಅರಳಿಕಟ್ಟೆಯ ಮೇಲೆ ಸೇರಿದರು. ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಬೆನ್ನಿಗೆ ಬೆನ್ನು ಹಾಕಿ ಕೂತು, ಬಹಳ ಹೊತ್ತು ವಿಚಾರ ಮಾಡಿ, ಆಕಳಿಕೆ ಕಾಲಿನ ಮೇಲೆ ನಡೆದು ಬರುತ್ತದೆ ಎಂದು ಕಂಡುಹಿಡಿದರು. ಹೇಗೆ ಕಂಡುಹಿಡಿದರು ಎಂದು ನನ್ನನ್ನು ಕೇಳಬೇಡಿ. ಹಿರಿಯರು ಕಂಡುಹಿಡಿದದ್ದನ್ನು ಹೇಗೆ ಎಂದು ಕೇಳುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ.

ತಮಟೆಯವನು ಊರ ನಡುವಿನ ಬುರುಜು ಹತ್ತಿ ಸಾರಿದ.

"ಕಾಲಿರೋದು ಯಾವುದೂ ಬೇಲಿ ದಾಟಕೂಡದು! ಮತ್ತೆ ತಮಟೆ ಬಡಿಯೋವರೆಗೂ ಯಾರು ಎಲ್ಲಿದ್ದೀರೋ ಅಲ್ಲೇ ಇರಬೇಕು! ಡಂಡಣ ಡಣ!"

ಸಾರಿ ಮುಗಿಸಿ ಇಳಿದು ಬಂದ. ಬುರುಜಿನ ಸುತ್ತಲೂ ಒಂದು ಬೇಲಿ ಇತ್ತು. ಅವನಿಗೂ ಕಾಲುಗಳಿದ್ದವು. ಸ್ವಲ್ಪ ಹೊತ್ತು ಬೇಲಿಯನ್ನೂ ಕಾಲನ್ನೂ ನೋಡಿ, ಮತ್ತೆ ಮೇಲೆ ಹತ್ತಿ ಕೂತ.

ಹೀಗೆ ಊರೆಲ್ಲ ಇದ್ದಲ್ಲೇ ಸಿಕ್ಕಿಕೊಂಡಿತು. ಕ್ಷೌರಕ್ಕೆ ಕೂತಿದ್ದವನೊಬ್ಬ ತಮಟೆಯ ಸದ್ದಿಗೆ ಗಾಬರಿಬಿದ್ದು ಮನೆಗೆ ಓಡಿ, ಆ ವಸಂತವನ್ನು ಅರ್ಧ ಮೀಸೆಯಲ್ಲಿ ಕಳೆದ. ಹೊರಡಲೆಂದು ಚಪ್ಪಲಿ ಮೆಟ್ಟಿದ್ದ ನೆಂಟರು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದರು. ಆ ಮನೆಯವರ ಮುಖ ನೋಡುವ ಹಾಗಿತ್ತು. ಮಂಚಕ್ಕೂ ಕಾಲುಂಟು, ಮೇಜಿಗೂ ಕಾಲುಂಟು ಎಂದು ಜನ ಅವನ್ನೂ ಬೇಲಿಯ ಹತ್ತಿರ ಬಿಡಲಿಲ್ಲ. ಹಾವಿಗೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಆ ವಸಂತದಲ್ಲಿ ಮನೆಯಿಂದ ಮನೆಗೆ ಹೋಗಿ ಎಲ್ಲರನ್ನೂ ಕಂಡು ಬಂದದ್ದು ಒಂದು ಕೇರೆ ಹಾವು. ಮೊದಮೊದಲು ಅದನ್ನು ಕಂಡು ಕಿರುಚುತ್ತಿದ್ದವರು ಆಮೇಲಾಮೇಲೆ ಎದ್ದು ನಿಂತು, ಆಚೆ ಬೀದಿಯವರೆಲ್ಲ ಕ್ಷೇಮವೇ ಎಂದು ಕೇಳತೊಡಗಿದರು.

ಊರಿನ ಕೊನೆಯಲ್ಲಿ ಒಂದು ಪುಟ್ಟ ಮನೆ. ಮನೆಯ ಹಿಂದೆ ಹಿತ್ತಲು; ಹಿತ್ತಲಲ್ಲಿ ಒಂದು ಹಸು, ನಾಲ್ಕಾರು ಕೋಳಿ, ಒಂದು ಬಾವಿ, ಸೊಪ್ಪಿನ ಮಡಿ, ಚಪ್ಪರದ ತುಂಬ ಕುಂಬಳದ ಬಳ್ಳಿ. ಮನೆಯ ಮುಂದೆ ಒಂದು ಜಗಲಿ. ಹಿತ್ತಲು ಮನೆಯಾಕೆಯದು, ಜಗಲಿ ಯಜಮಾನನದು. ಹಸು ಕರೆಯುವುದು, ನೀರು ಸೇದುವುದು, ಕಳೆ ಕೀಳುವುದು, ಕೋಳಿ ಮುಚ್ಚುವುದು, ಅಡುಗೆ ಮಾಡುವುದು ಮನೆಯಾಕೆಯ ಪಾಲು. ಇವೆಲ್ಲ ನಡೆಯುತ್ತಿವೆಯೇ ಎಂದು ಜಗಲಿಯ ಮೇಲೆ ಕೂತು ಕೂಗಿ ಕೇಳುವುದು ಯಜಮಾನನ ಪಾಲು. ಮದುವೆಯಾದ ಲಾಗಾಯ್ತು ಹೀಗೇ ನಡೆದಿತ್ತು. ಆಕೆಗೆ ಅದರ ಬಗ್ಗೆ ಅಂಥ ದೂರೇನೂ ಇರಲಿಲ್ಲ. ಒಂದೇ ಒಂದು ಆಸೆ ಇತ್ತು. ತಾನು ಮಾಡಿದ ಅಡುಗೆಯನ್ನು ಉಂಡೆದ್ದು ಈ ಮನುಷ್ಯ ಒಂದು ಸಲ, ಒಂದೇ ಸಲ, ಆಹಾ ಅನ್ನಬೇಕು. ಅವನು ಅಂದಿರಲಿಲ್ಲ. ಉಪ್ಪು ಒಂದು ಹರಳು ಜಾಸ್ತಿ ಎನ್ನುತ್ತಿದ್ದ, ಇಲ್ಲವೇ ಒಂದು ಹರಳು ಕಮ್ಮಿ ಎನ್ನುತ್ತಿದ್ದ. ಎರಡೂ ಅಲ್ಲದ ದಿನ ಸುಮ್ಮನೆ ಕೈ ತೊಳೆಯುತ್ತಿದ್ದ.

ತಮಟೆ ಬಡಿದ ದಿನ ಬೆಳಿಗ್ಗೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತು. ಹಾಲಿಗೆ ಹಾಕಲು ಒಂದು ತೊಟ್ಟು ಹೆಪ್ಪು ಉಳಿದಿರಲಿಲ್ಲ. ಮನೆಯಾಕೆಯ ಕೈಯೆಲ್ಲ ಸಗಣಿ.

"ರೀ, ಆಚೆಮನೆಗೆ ಹೋಗಿ ಒಂದು ಬಟ್ಟಲು ಹೆಪ್ಪು ಇಸ್ಕೊಂಡು ಬನ್ನಿ."

"ನಾನೇ ಹೋಗ್ಬೇಕಾ?"

"ಪಕ್ಕದ ಮನೆಗೆ ಹೋಗೋಕೆ ಪಲ್ಲಕ್ಕಿ ತರಿಸ್ಲಾ?"

ಗೊಣಗುತ್ತ ಬಟ್ಟಲು ಹಿಡಿದು ಯಜಮಾನ ಹಿತ್ತಲ ಬೇಲಿಯ ತಡಿಕೆ ಬಾಗಿಲು ತೆಗೆದು ಆಚೆ ಕಾಲಿಟ್ಟ. ಎರಡನೆಯ ಕಾಲು ಎತ್ತಿ ಇಡುವುದಕ್ಕೂ ಬುರುಜಿನ ಮೇಲಿಂದ ಡಂಡಣ ಡಣ ಎನ್ನುವುದಕ್ಕೂ ಸರಿಹೋಯಿತು. ಬೇಲಿಯ ಈಚೆ ಒಂದು ಹಿತ್ತಲು, ಬೇಲಿಯ ಆಚೆ ಒಂದು ಹಿತ್ತಲು, ನಡುವೆ ಒಂದು ಸಾಲು ಹಾಲವಾಣದ ಗೂಟ. ಈಚೆ ಮನೆಯಾಕೆ, ಕೈಯಲ್ಲಿ ಸಗಣಿ. ಆಚೆ ಯಜಮಾನ, ಕೈಯಲ್ಲಿ ಖಾಲಿ ಬಟ್ಟಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು.

ಆಚೆಮನೆಯಾಕೆ ಒಂಟಿ ಹೆಂಗಸು. ಅವಳಿಗೆ ಇದ್ದದ್ದು ಒಂದು ಮೇಕೆ, ಒಂದು ಪೊರಕೆ, ಬಾಯ್ತುಂಬ ಮಾತು. ಅಡುಗೆ ಮಾತ್ರ ಬಾರದು. ಅವಳ ಸಾರಿನಲ್ಲಿ ದೀಪ ಹಚ್ಚಿ ಹುಡುಕಿದರೂ ರುಚಿ ಸಿಗುತ್ತಿರಲಿಲ್ಲ. ಅವಳೇ ಒಳಗಿನಿಂದ ಓಡಿ ಬಂದು, "ಅಯ್ಯೋ ಅಕ್ಕಾ, ಅಣ್ಣ ಇಲ್ಲೇ ಉಳ್ಕೊಂಡ್ರಲ್ಲ! ಮೇಕೆ ಕೊಟ್ಟಿಗೇಲಿ ಒಂದು ಚಾಪೆ ಹಾಸಿಕೊಡ್ತೀನಿ ಬಿಡಿ, ಯೋಚನೆ ಮಾಡ್ಬೇಡಿ" ಎಂದಳು.

ಮನೆಯಾಕೆಗೆ ಮೊದಲು ಪಾಪ ಅನ್ನಿಸಿತು. ಹೆಪ್ಪಿಗೆ ಕಳಿಸಿದ್ದು ತಾನೇ ಅಲ್ಲವೇ. ಆದರೆ ಸಂಜೆಯ ಹೊತ್ತಿಗೆ ಒಂದು ವಿಚಿತ್ರ ಅವಳ ಗಮನಕ್ಕೆ ಬಂತು. ಮನೆ ಸದ್ದಿಲ್ಲದೆ ಇತ್ತು. ಬಿಸಿನೀರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಎದುರಿಗೇ ಇರುವ, ಮೈ ಒರೆಸುವ ವಲ್ಲಿಯನ್ನು ಯಾರೂ ಹುಡುಕಲಿಲ್ಲ. ಅವಳು ಹೊಸಿಲ ಮೇಲೆ ಕೂತು ಒಂದು ಹಿಡಿ ಹುರಿಗಡಲೆ ತಿಂದಳು. ಈ ಆಜ್ಞೆ ಇನ್ನೂ ಎರಡು ದಿನ ಹೆಚ್ಚೇ ಇರಲಿ ಎಂದು ಮನಸ್ಸಿನಲ್ಲೇ ತಮಟೆಯವನನ್ನು ಹರಸಿದಳು.

ಮಾರನೆಯ ದಿನ ಹೆಪ್ಪಿನ ಯೋಚನೆ ಬಂತು. ನುಗ್ಗೆಕಾಯಿ ಕೀಳುವ ಉದ್ದನೆಯ ದೋಟಿ ಮೂಲೆಯಲ್ಲಿತ್ತು. ದೋಟಿಗೆ ಕಾಲಿಲ್ಲ. ಅದರ ಕೊಕ್ಕೆಗೆ ಒಂದು ಬಿದಿರಿನ ಬುಟ್ಟಿ ಕಟ್ಟಿ, ಬುಟ್ಟಿಯಲ್ಲಿ ಹಾಲಿನ ತಂಬಿಗೆ ಇಟ್ಟು ಬೇಲಿಯ ಮೇಲಿಂದ ಚಾಚಿದಳು. ಆಚೆಯಿಂದ ಹೆಪ್ಪಿನ ಬಟ್ಟಲು ಬಂತು. ಅಂದಿನಿಂದ ಅದೇ ನೇಮವಾಯಿತು. ಬೆಳಿಗ್ಗೆ ದೋಟಿ ಆಚೆ ಹೋಗುವುದು, ದೋಟಿ ಈಚೆ ಬರುವುದು. ಹಾಲು ಹೋಗುವುದು, ಹೆಪ್ಪು ಬರುವುದು. ಸೊಪ್ಪು ಹೋಗುವುದು, ಮೇಕೆಯ ಗೊಬ್ಬರ ಬರುವುದು. ಹಾಲವಾಣದ ಗೂಟಗಳು ವಸಂತದ ಬಿಸಿಲಿಗೆ ಚಿಗುರಿದವು. ದೋಟಿಗೆ ತಗಲಿ ಕೆಂಪು ಹೂ ಎರಡೂ ಕಡೆ ಉದುರುತ್ತಿತ್ತು.

ಹೀಗೆ ಒಂದು ಬೆಳಿಗ್ಗೆ ದೋಟಿ ಎತ್ತಿದವಳು ಬೇಲಿಯ ಸಂದಿಯಿಂದ ಏನನ್ನೋ ಕಂಡು, ದೋಟಿಯನ್ನು ಆಕಾಶಕ್ಕೆ ಹಿಡಿದುಕೊಂಡೇ ನಿಂತುಬಿಟ್ಟಳು. ಆಚೆ ಅಂಗಳದಲ್ಲಿ ಯಜಮಾನ ಗುಡಿಸುತ್ತಿದ್ದ. ಕನಸಿರಬೇಕು ಎಂದು ಕಣ್ಣುಜ್ಜಿಕೊಂಡಳು. ಗುಡಿಸುತ್ತಲೇ ಇದ್ದ. ಸೊಂಟಕ್ಕೆ ಪಂಚೆ ಎತ್ತಿ ಕಟ್ಟಿ, ಬೆನ್ನು ಬಗ್ಗಿಸಿ, ಶ್ರದ್ಧೆಯಿಂದ ಗುಡಿಸುತ್ತಿದ್ದ. ಆಮೇಲೆ ನೀರು ಸೇದಿದ. ಆಮೇಲೆ ಮೇಕೆಯ ಮುಂದೆ ಕೂತು ಹಾಲು ಕರೆಯಲು ಹೋಗಿ ಒದೆಸಿಕೊಂಡ, ಒದೆಸಿಕೊಂಡರೂ ಎದ್ದು ಬಂದು ಮತ್ತೆ ಕೂತ. ಈಚೆ ಮನೆಯಲ್ಲಿ ಕುಡಿಯುವ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದ ಮನುಷ್ಯ!

ಅದಕ್ಕೆ ಕಾರಣವಿತ್ತು. ಆ ಊರಿನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಇನ್ನೊಬ್ಬರ ಬೇಲಿ ದಾಟಿ ಬಂದವರು ಆ ಮನೆಯ ಒಂದು ಕೆಲಸ ಮಾಡದೆ ಎಲೆಯ ಮುಂದೆ ಕೂರಬಾರದು, ಉಂಡೆದ್ದ ಮೇಲೆ ಆಹಾ ಅನ್ನದೆ ಕೈ ತೊಳೆಯಬಾರದು. ನೆಂಟನಿಗೂ ಅದೇ, ದಾರಿಹೋಕನಿಗೂ ಅದೇ, ಹೆಪ್ಪಿಗೆ ಬಂದವನಿಗೂ ಅದೇ. ಎಲ್ಲರಿಗೂ ಅಭ್ಯಾಸವಾಗಿ ಹೋದ ಮಾತಾದ್ದರಿಂದ ಅದರ ಬಗ್ಗೆ ಯಾರೂ ಯೋಚನೆ ಮಾಡಿರಲಿಲ್ಲ. ಮನೆಯಾಕೆಯೂ ಮಾಡಿರಲಿಲ್ಲ, ಮಧ್ಯಾಹ್ನ ಆ ಸದ್ದು ಕೇಳುವವರೆಗೆ.

"ಆಹಾ!"

ಆಚೆಮನೆಯ ಅಡುಗೆಕೋಣೆಯಿಂದ ಬಂತು, ಗಾಳಿ ಅಂದೇ ಮೊದಲ ಸಲ ಈ ಕಡೆಗೆ ತಿರುಗಿತ್ತು. ಯಜಮಾನನ ದನಿ. ತುಂಬು ಗಂಟಲಿನ, ಹೊಟ್ಟೆಯ ತಳದಿಂದ ಎದ್ದು ಬಂದ ಆಹಾ. ಆಹಾಗೆ ಕಾಲಿಲ್ಲ. ಅದು ಬೇಲಿ ದಾಟಿ, ಕುಂಬಳದ ಚಪ್ಪರ ದಾಟಿ, ಹಸುವಿಗೆ ಮುಸುರೆ ಕೊಡುತ್ತಿದ್ದವಳ ಕಿವಿಗೆ ಬಂದು ಬಿತ್ತು.

ಅವಳು ಮುಸುರೆಯ ಬಾನಿಯನ್ನು ಠಕ್ಕೆಂದು ನೆಲಕ್ಕೆ ಕುಕ್ಕಿದಳು. ಅದೂ ಯಾವುದಕ್ಕೆ? ಆ ಸಪ್ಪೆ ಸಾರಿಗೆ! ಹಸುವಿನ ಮುಸುರೆಯಲ್ಲೇ ಅದಕ್ಕಿಂತ ಹೆಚ್ಚು ರುಚಿಯಿತ್ತು, ಬೇಕಾದರೆ ಹಸುವನ್ನೇ ಕೇಳಬಹುದಿತ್ತು. ಆ ದಿನ ಅವಳು ಅನ್ನ ಮುಟ್ಟಲಿಲ್ಲ. ಕೋಳಿಗಳನ್ನು ಕಾರಣವಿಲ್ಲದೆ ಬೈದಳು. ಸಂಜೆ ಮತ್ತೆ ಆಹಾ ಬಂತು. ಮರುದಿನ ಎರಡು ಬಂದವು. ಆಹಾ ಬಂದಾಗಲೆಲ್ಲ ಅವಳು ಒಂದೊಂದು ಕಳೆ ಕಿತ್ತಳು. ಮಡಿಯಲ್ಲಿ ಕಳೆ ಮುಗಿದು ಸೊಪ್ಪಿಗೇ ಕೈ ಹೋಯಿತು.

ಕಡೆಗೆ ಅವಳು ಸೆರಗು ಬಿಗಿದಳು. ಚಪ್ಪರದಿಂದ ಎಳೆಯ ಕುಂಬಳಕಾಯಿ ಕಿತ್ತಳು. ಕೊತ್ತಂಬರಿ ಹುರಿದಳು, ಕಾಯಿ ತುರಿದಳು, ಹುಣಸೆ ಹಿಂಡಿದಳು, ಇಂಗಿನ ಒಗ್ಗರಣೆ ಕೊಟ್ಟಳು. ಅಂಥ ಹುಳಿಯನ್ನು ಅವಳು ಮದುವೆಮನೆಗಳಲ್ಲೂ ಮಾಡಿರಲಿಲ್ಲ. ಬುರುಜಿನ ಮೇಲಿದ್ದ ತಮಟೆಯವನು ವಾಸನೆಗೆ ಎದ್ದು ನಿಂತನಂತೆ. ಪಾತ್ರೆಯನ್ನು ಬುಟ್ಟಿಯಲ್ಲಿಟ್ಟು ದೋಟಿ ಚಾಚಿ, ಬೇಲಿಗೆ ಕಿವಿಯಿಟ್ಟು ಕೂತಳು.

ಆಚೆ ಎಲೆ ಹಾಕಿದ ಸದ್ದು. ಬಡಿಸಿದ ಸದ್ದು. ಸುರ್ರೆಂದು ಸುರಿದ ಸದ್ದು.

"ಇದು ನಮ್ಮನೇದಲ್ವಾ?" ಯಜಮಾನನ ದನಿ. "ಉಪ್ಪು ಒಂದು ಹರಳು ಜಾಸ್ತಿ ಆಗಿದೆ ಅಂತ ಹೇಳು ತಂಗೀ."

ಮನೆಯಾಕೆ ಬೇಲಿಯ ಬುಡದಲ್ಲಿ ಕೂತೇ ಇದ್ದಳು. ಅಳು ಬಂತು. ಉಪ್ಪಿಗಾಗಿ ಅಳುವುದೇ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆಚೆಮನೆಯಾಕೆ ಪಾತ್ರೆ ಹಿಂದಿರುಗಿಸಲು ಬಂದವಳು ಸಂದಿಯಲ್ಲಿ ಇಣುಕಿ, ಕೆಂಪು ಹೂವಿನ ನಡುವೆ ಆ ಕೆಂಪು ಕಣ್ಣು ಕಂಡು ಗುಟ್ಟಾಗಿ ಹೇಳಿದಳು.

"ಅಕ್ಕಾ, ನಾಳೆ ಇದನ್ನೇ ಮಾಡಿ ಕಳಿಸಿ. ನನ್ನ ಗಡಿಗೆಗೆ ಸುರ್ಕೊಂಡು ನಾನು ಮಾಡಿದ್ದು ಅಂತ ಬಡಿಸ್ತೀನಿ. ನೋಡೇಬಿಡೋಣ."

"ಅವರಿಗೆ ಗೊತ್ತಾಗಲ್ವೇನೇ?"

"ಗಂಡಸರಿಗೆ ಗಡಿಗೆ ಮಾತ್ರ ಗೊತ್ತಾಗತ್ತೆ ಅಕ್ಕಾ."

ಮರುದಿನ ಅದೇ ಕುಂಬಳ, ಅದೇ ಹುಣಸೆ, ಅದೇ ಇಂಗು. ಬೇಕೆಂದೇ ಎರಡು ಹರಳು ಉಪ್ಪು ಹೆಚ್ಚಿಗೆ. ದೋಟಿ ಆಚೆ ಹೋಯಿತು. ಗಡಿಗೆ ಬದಲಾಯಿತು. ಮನೆಯಾಕೆ ಮತ್ತೆ ಬೇಲಿಗೆ ಕಿವಿಯಿಟ್ಟಳು.

"ಆಹಾ!" ಎಂದ ಯಜಮಾನ. ಸ್ವಲ್ಪ ತಡೆದು, "ಆಹಾಹಾ! ಹುಳಿ ಅಂದ್ರೆ ಹೀಗಿರಬೇಕು ನೋಡು ತಂಗೀ. ನಮ್ಮನೇಲೂ ಮಾಡ್ತಾಳೆ!" ಎಂದ.

ಇಬ್ಬರು ಹೆಂಗಸರೂ ಬೇಲಿಯ ಎರಡು ಬದಿಗೆ ಕುಸಿದು ಕೂತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನಗು ತಡೆಯಲಾರದೆ ಮನೆಯಾಕೆ ಹಸುವಿನ ಕೊರಳು ತಬ್ಬಿಕೊಂಡಳು. ಆದರೆ ನಕ್ಕು ಮುಗಿದ ಮೇಲೆ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಆಹಾ ಅವಳದೇ. ಆದರೂ ಅವಳ ಮನೆಗೆ ಬಂದದ್ದಲ್ಲ. ಬೇರೆಯವರ ವಿಳಾಸಕ್ಕೆ ಹೋದದ್ದು ಗಾಳಿಗೆ ಹಾರಿ ಅವಳ ಹಿತ್ತಲಿಗೆ ಬಿದ್ದದ್ದು.

ಅಷ್ಟರಲ್ಲಿ ಊರಿನಲ್ಲಿ ಕಾಗೆಗಳ ವಿಷಯ ಎದ್ದಿತು. ಕಾಗೆಗೂ ಕಾಲುಂಟು, ಅದು ದಿನವಿಡೀ ಬೇಲಿ ದಾಟುತ್ತಿದೆ, ಅದನ್ನೇಕೆ ಬಿಟ್ಟಿದ್ದೀರಿ ಎಂದು ಅರ್ಧ ಮೀಸೆಯವನು ತಕರಾರು ತೆಗೆದ. ಹಿರಿಯರು ತಮ್ಮ ತಮ್ಮ ಮನೆಯ ಮಾಳಿಗೆ ಹತ್ತಿ, ಕೂಗಿ ಕೂಗಿ ಚರ್ಚೆ ಮಾಡಿದರು. ಕಾಗೆ ಹಾರುವಾಗ ಕಾಲು ಮಡಚಿರುತ್ತದೆ. ಮಡಚಿದ ಕಾಲು ಕಾಲಲ್ಲ. ಹೀಗೆಂದು ತೀರ್ಮಾನವಾಯಿತು. ತಮಟೆಯವನು ಅದನ್ನೂ ಸಾರಿದ, ತಮಟೆ ಬಡಿಯದೆ ಬರಿ ಬಾಯಲ್ಲಿ. ಅಂದು ಮಧ್ಯಾಹ್ನವೇ ಬುದ್ಧಿವಂತರು ಮಂಡಿ ಮಡಚಿ, ಕೈಯಿಂದ ಮಂಡಿ ಅಪ್ಪಿಕೊಂಡು, ಬೇಲಿಯ ಕೆಳಗಿನಿಂದ ಉರುಳಿಕೊಂಡು ತಮ್ಮ ತಮ್ಮ ಮನೆ ಸೇರತೊಡಗಿದರು. ಬೀದಿಯ ತುಂಬ ಜನ ಕುಂಬಳಕಾಯಿಗಳಂತೆ ಉರುಳಾಡುತ್ತಿದ್ದರು. ಚಪ್ಪಲಿ ಬಿಚ್ಚಿದ್ದ ನೆಂಟರು ಉರುಳಿಕೊಂಡು ಹೊರಟಾಗ ಆ ಮನೆಯವರು ಹಿಂದಿನಿಂದ ಒಂದು ಕೈ ತಳ್ಳಿಯೂ ಕೊಟ್ಟರಂತೆ.

ಮನೆಯಾಕೆ ಬೇಲಿಗೆ ಓಡಿ ಬಂದಳು. ಆ ಹೊತ್ತಿಗೆ ಹುರಿಗಡಲೆಯ ಸಂಭ್ರಮವೆಲ್ಲ ಮುಗಿದುಹೋಗಿತ್ತು. ಸದ್ದಿಲ್ಲದ ಮನೆಯಲ್ಲಿ ಅವಳು ಹಸುವಿನ ಹತ್ತಿರ, ಹಸು ಬೇಸರಪಟ್ಟುಕೊಂಡರೆ ಕುಂಬಳದ ಹತ್ತಿರ ಮಾತಾಡುತ್ತಿದ್ದಳು. ನಿಜ ಹೇಳಬೇಕೆಂದರೆ, ವಲ್ಲಿ ಎಲ್ಲಿ ಎಂದು ಯಾರಾದರೂ ಒಂದು ಸಲ ಕೂಗಿದರೆ ಸಾಕು ಅನ್ನಿಸಿತ್ತು.

"ರೀ, ಕೇಳಿದ್ರಾ? ಮಡಚಿದ ಕಾಲು ಕಾಲಲ್ವಂತೆ. ಉರುಳ್ಕೊಂಡು ಬಂದುಬಿಡಿ. ಇಲ್ಲಿ ಮೆತ್ತಗೆ ಹುಲ್ಲು ಹಾಸಿದ್ದೀನಿ."

ಯಜಮಾನ ಆಚೆ ಕಟ್ಟಿಗೆ ಒಡೆಯುತ್ತಿದ್ದ. ಕೊಡಲಿ ಊರಿಕೊಂಡು ಬೆವರು ಒರೆಸಿಕೊಂಡ. ಬೇಲಿಯ ಕಡೆ ನೋಡಿದ, ಹುಲ್ಲಿನ ಕಡೆ ನೋಡಿದ.

"ಇದಿಷ್ಟು ಕಟ್ಟಿಗೆ ಒಡೆದುಬಿಡ್ತೀನಿ ಇವಳೇ. ಪಾಪ, ಒಂಟಿ ಹೆಂಗಸು."

"ಆಮೇಲೆ?"

"ಆಮೇಲೆ ಕೊಟ್ಟಿಗೆ ಸೂರು ಸೋರತ್ತೆ. ಅದನ್ನೊಂದು ನೋಡಬೇಕು."

ಅವಳು ಹಾಸಿದ ಹುಲ್ಲನ್ನು ಬಾಚಿ ಹಸುವಿಗೆ ಹಾಕಿದಳು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ತಮಟೆಯಿಂದ ಬರಲಾಗದಿದ್ದದ್ದು ಒಂದು ಮಾತು. ಬರಬಹುದಾಗಿಯೂ ಬಾರದಿದ್ದದ್ದು ಇನ್ನೊಂದು ಮಾತು. ಅಂದು ದೋಟಿ ಮೂಲೆಯಲ್ಲೇ ನಿಂತಿತ್ತು. ಮರುದಿನವೂ ನಿಂತಿತ್ತು. ಹಾಲು ಒಡೆಯಿತು, ಹೆಪ್ಪು ಹುಳಿಯಾಯಿತು.

ಮೂರನೆಯ ದಿನ ಆಚೆಮನೆಯಾಕೆ ಬೇಲಿಯ ಹತ್ತಿರ ಬಂದು ಕೂಗಿದಳು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಣ್ಣ ಮನೇಲಿ ಯಾವತ್ತೂ ಪೊರಕೆ ಮುಟ್ಟಿಲ್ವಾ?"

"ಮುಟ್ಟಿದ್ರು. ಮದುವೆ ಆದ ಹೊಸದರಲ್ಲಿ."

"ಆಗ ನೀವೇನಂದ್ರಿ?"

ಮನೆಯಾಕೆ ನೆನಪು ಮಾಡಿಕೊಂಡಳು. "ಮೂಲೆ ಬಿಟ್ಟಿದ್ದೀರಿ ಅಂದೆ. ಬಿಟ್ಟಿದ್ರು ಕಣೇ! ಆಮೇಲೆ ನಾನೇ ಕಿತ್ಕೊಂಡು ಗುಡಿಸ್ದೆ."

"ಇಲ್ಲೂ ಮೂಲೆ ಬಿಡ್ತಾರೆ ಅಕ್ಕಾ. ಅವರು ಆ ಕಡೆ ಹೋದ ಮೇಲೆ ನಾನು ಗುಡಿಸ್ಕೋತೀನಿ. ಅವರೆದುರಿಗೆ ಮಾತ್ರ, ಬೇಡ ಬಿಡಿ ಅಣ್ಣ, ನೀವ್ಯಾಕೆ ತೊಂದ್ರೆ ತಗೋತೀರಿ, ಎಷ್ಟು ಚೆನ್ನಾಗಿ ಗುಡಿಸಿದ್ದೀರಿ ಅಂತೀನಿ. ಅಷ್ಟಂದ್ರೆ ಸಾಕು, ಮೇಕೆಗೆ ಸ್ನಾನಾನೂ ಮಾಡಿಸ್ತಾರೆ. ಮೊನ್ನೆ ಕುಂಕುಮಾನೂ ಇಟ್ಟಿದ್ರು."

ಮನೆಯಾಕೆ ಬಹಳ ಹೊತ್ತು ಆ ಮೂಲೆಯನ್ನೇ ನೆನೆಯುತ್ತ ಕೂತಳು. ಎಷ್ಟು ವರ್ಷದ ಹಿಂದಿನ ಮೂಲೆ! ಅದರಲ್ಲಿದ್ದ ಕಸ ಒಂದು ಹಿಡಿಯೂ ಇರಲಿಲ್ಲ. ಅವನಿಗೆ ತಾನೂ ಒಂದು ಆಹಾ ಅಂದಿರಲಿಲ್ಲವಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಹೊಳೆದದ್ದು ಹಿತವಾಗಿರಲಿಲ್ಲ. ಎದ್ದು ದೋಟಿ ತೆಗೆದು ಹಾಲು ಕಳಿಸಿದಳು.

ಹಾಲವಾಣದ ಹೂವೆಲ್ಲ ಉದುರಿ ಎಲೆ ತುಂಬಿದ ಮೇಲೆ, ಹಿರಿಯರ ಅಪ್ಪಣೆಯಂತೆ ತಮಟೆಯವನು ಬುರುಜಿನ ತುದಿಗೆ ಬಂದು, ಊರೆಲ್ಲ ನೋಡುವ ಹಾಗೆ ಬಾಯಗಲಿಸಿ ಆಕಳಿಸಿದ. ಮಾಳಿಗೆ ಮಾಳಿಗೆಯ ಮೇಲೆ ನಿಂತಿದ್ದ ಜನ ಅವನ ಬಾಯೊಳಗೆ ನೋಡಿದರು. ಯಾರಿಗೂ ಆಕಳಿಕೆ ಬರಲಿಲ್ಲ. ಒಬ್ಬನಿಗೆ ಸೀನು ಬಂತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಡಂಡಣ ಡಣ ಎಂದು ತಮಟೆ ಬಡಿಯಿತು. ಅರ್ಧ ಮೀಸೆಯವನು ಕ್ಷೌರದವನ ಕಡೆಗೆ ಓಡಿದ. ಪುರೋಹಿತ ಎದ್ದು ಮಂತ್ರ ಬಿಟ್ಟಲ್ಲಿಂದ ಹಿಡಿದ. ಕೇರೆ ಹಾವು ಬೇಸರದಿಂದ ಬಿಲ ಸೇರಿತು. ಯಜಮಾನ ತಡಿಕೆ ಬಾಗಿಲು ತೆಗೆದು, ಬಟ್ಟಲು ಹಿಡಿದು, ಕಾಲಿನ ಮೇಲೆಯೇ ನಡೆದು ಬಂದ.

ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಅವನು ಬಟ್ಟಲನ್ನು ಅವಳ ಕೈಗೆ ಕೊಟ್ಟ. ನೆಟ್ಟಗೆ ಜಗಲಿಗೆ ಹೋಗಿ ಕೂತ. ಗೋಡೆಗೆ ಒರಗಿದ. ಕಾಲು ಚಾಚಿದ.

"ಇವಳೇ, ವಲ್ಲಿ ಎಲ್ಲಿ?"

ಅವಳಿಗೆ ನಗುವೂ ಬಂತು, ಸಂಕಟವೂ ಆಯಿತು. ಮಧ್ಯಾಹ್ನ ಅವನು ಉಂಡು, ಉಪ್ಪು ಒಂದು ಹರಳು ಕಮ್ಮಿ ಎಂದು ಕೈ ತೊಳೆದ. ಅವಳು ಪೊರಕೆಯನ್ನು ಅವನಿಗೆ ಕಾಣುವ ಹಾಗೆ ಇಟ್ಟಳು. ಅವನು ಅದನ್ನು ದಾಟಿಕೊಂಡು ಹೋದ. ಮನುಷ್ಯ ಅವನೇ, ಕೈಗಳೂ ಅವೇ, ಹುಳಿಯೂ ಅದೇ. ಇಲ್ಲದ್ದು ಬೇಲಿ ಒಂದೇ.

ಮರುದಿನ ಬೆಳಿಗ್ಗೆ ಯಜಮಾನ ಕಣ್ಣು ಬಿಟ್ಟಾಗ ಅವಳು ಜಗಲಿಗೂ ಮನೆಬಾಗಿಲಿಗೂ ನಡುವೆ ಗುಂಡಿ ತೋಡುತ್ತಿದ್ದಳು. ಪಕ್ಕದಲ್ಲಿ ಒಂದು ಹೊರೆ ಹಸಿ ಹಾಲವಾಣದ ಗೂಟ.

"ಏನೇ ಇದು ಹುಚ್ಚು?"

"ಬೇಲಿ."

"ಮನೆ ಒಳಗೆ ಬೇಲಿನಾ?"

"ಜಗಲಿ ನಿಮ್ಮದು, ಮನೆ ನಂದು. ಹಿಂದಿನಿಂದ್ಲೂ ಹಾಗೇ ಅಲ್ವಾ? ಗೂಟ ಒಂದು ಇರ್ಲಿಲ್ಲ, ನೆಟ್ಟಿದ್ದೀನಿ. ದಾರಿ ಬಿಟ್ಟಿದ್ದೀನಿ ನೋಡಿ. ಊಟದ ಹೊತ್ತಿಗೆ ದಾಟಿ ಬನ್ನಿ, ಬೇಡ ಅನ್ನಲ್ಲ."

"ನೋಡಿದವರು ನಗಲ್ವಾ?"

"ಉರುಳಾಡಿದ ಊರು ಇದು. ಯಾರ್ರೀ ನಗೋರು?"

ಯಜಮಾನ ಬಿಗುಮಾನದಿಂದ ಕೂತ. ಮಧ್ಯಾಹ್ನವಾಯಿತು. ಒಗ್ಗರಣೆಯ ವಾಸನೆಗೆ ಕಾಲಿಲ್ಲ; ಅದು ಹೊಸ ಬೇಲಿ ದಾಟಿ ಜಗಲಿಗೆ ಬಂದು ಅವನ ಮೂಗಿನ ಮುಂದೆ ನಿಂತಿತು. ಅವನು ಆಚೆ ತಿರುಗಿ ಕೂತ. ವಾಸನೆಯೂ ಆಚೆ ಬಂತು. ಕಡೆಗೆ ಎದ್ದು ಗೂಟಗಳ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಯಾರಿದ್ದೀರಿ ಮನೇಲಿ?"

"ಬನ್ನಿ ಬನ್ನಿ," ಎಂದಳು ಮನೆಯಾಕೆ ಒಳಗಿನಿಂದ. "ಯಾವ ಕಡೆಯಿಂದ ಬಂದ್ರಿ?"

"ಇಲ್ಲೇ. ಜಗಲಿ ಕಡೆಯಿಂದ."

ಬೇಲಿ ದಾಟಿ ಒಳಗೆ ಬಂದ. ಬಂದವನಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಎಲೆ ಹಾಕಿತ್ತು, ಆದರೆ ಹಾಗೇ ಕೂರಲು ಮನಸ್ಸು ಒಪ್ಪಲಿಲ್ಲ. ದಾಟಿ ಬಂದದ್ದಂತೂ ನಿಜ. ಅತ್ತ ನೋಡಿದ, ಇತ್ತ ನೋಡಿದ, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡ. ಪಡಸಾಲೆಯೆಲ್ಲ ಗುಡಿಸಿದ. ನಾಲ್ಕು ಮೂಲೆಗಳಲ್ಲಿ ನಾಲ್ಕನ್ನೂ ಬಿಟ್ಟ.

ಮನೆಯಾಕೆಯ ನಾಲಿಗೆಯ ತುದಿಗೆ ಆ ಹಳೆಯ ಮಾತು ಬಂದು ನಿಂತಿತು. ಅದನ್ನು ನುಂಗುವುದು ಇಡೀ ವಸಂತ ಒಂಟಿಯಾಗಿದ್ದದ್ದಕ್ಕಿಂತ ಕಷ್ಟವಾಯಿತು. ನುಂಗಿದಳು.

"ಬೇಡ ಬಿಡಿ ಅಣ್..." ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, "ಬೇಡ ಬಿಡೀಂದ್ರೆ! ನೀವ್ಯಾಕೆ ತೊಂದ್ರೆ ತಗೋತೀರಿ? ಎಷ್ಟು ಚೆನ್ನಾಗಿ ಗುಡಿಸಿದ್ದೀರಿ" ಎಂದಳು.

ಯಜಮಾನ ಪೊರಕೆ ಹಿಡಿದು ಹಾಗೇ ನಿಂತ. ಅವನ ಕಿವಿ ಕೆಂಪಾಯಿತು. "ಏ, ಇದೇನು ಮಹಾ," ಎಂದ. ಬಾವಿಗೆ ಹೋಗಿ ಒಂದು ಕೊಡ ನೀರನ್ನೂ ತಂದಿಟ್ಟ. ಆಮೇಲೆ ಎಲೆಯ ಮುಂದೆ ಕೂತ.

ಅವಳು ಬಡಿಸಿದಳು. ಗಡಿಬಿಡಿಯಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು ಎಂದು ಅವಳಿಗೆ ಬಡಿಸುವಾಗ ನೆನಪಾಯಿತು. ಇನ್ನು ಏನು ಮಾಡಿ ಏನು? ಅವನು ಕಲಸಿದ. ತುತ್ತು ಬಾಯಿಗಿಟ್ಟ. ಅಗಿದ. ಅಗಿಯುತ್ತ ಅವಳ ಮುಖ ನೋಡಿದ, ಆಮೇಲೆ ಬಾಗಿಲ ಕಡೆ ತಿರುಗಿ ಗೂಟಗಳನ್ನು ನೋಡಿದ. ಎಲೆ ಖಾಲಿ ಮಾಡಿದ. ಎದ್ದು ನಿಂತು, ತುಂಬು ಗಂಟಲಿನಲ್ಲಿ,

"ಆಹಾ!" ಎಂದ.

ಮನೆಯಾಕೆ ಮಜ್ಜಿಗೆ ತರುತ್ತೇನೆ ಎಂದು ಹಿತ್ತಲಿಗೆ ಹೋದಳು. ಹಿತ್ತಲಲ್ಲಿ ಮಜ್ಜಿಗೆ ಇರಲಿಲ್ಲ. ಹಸುವಿನ ಪಕ್ಕ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, ತಾನೆಂಥ ಪೆದ್ದಿ ಎಂದು ನಗುತ್ತ, ಮತ್ತೆ ಒರೆಸಿಕೊಂಡಳು. ಬೇಲಿ ಕಟ್ಟಿ ಅನ್ನಿಸಿಕೊಂಡ ಆಹಾ ಎಂದು ನೀವು ಅನ್ನಬಹುದು. ಅವಳಿಗೂ ಗೊತ್ತಿತ್ತು. ಆದರೂ ಕಿವಿಗೆ ಅದೆಷ್ಟು ಸಿಹಿಯಾಗಿತ್ತು!

ಹೀಗೇ ದಿನ ನಡೆಯಿತು. ದಿನವೂ ಅವನು ದಾಟಿ ಬರುವನು, ಗುಡಿಸುವನು, ಉಣ್ಣುವನು, ಆಹಾ ಅನ್ನುವನು. ಅವನು ಅತ್ತ ಹೋದ ಮೇಲೆ ಅವಳು ಸದ್ದಿಲ್ಲದೆ ಮೂಲೆ ಗುಡಿಸಿಕೊಳ್ಳುವಳು. ನೆಟ್ಟ ಗೂಟಗಳು ಬೇರು ಬಿಟ್ಟು ಚಿಗುರಿದವು.

ಒಂದು ಸಂಜೆ ಬೇಲಿಯ ಆಚೆಯಿಂದ, ಎಂದರೆ ಜಗಲಿಯ ಕಡೆಯಿಂದ, ಕೂಗು ಬಂತು.

"ಮನೇಲಿ ಯಾರಿದ್ದೀರಿ? ಒಂದು ಸಲ ನಮ್ಮ ಕಡೆಗೂ ಬಂದು ಹೋಗಬಾರ್ದಾ?"

ಅವಳಿಗೆ ಅದು ತಮಾಷೆ ಎನ್ನಿಸಿತು. ಆದರೂ ಕೈ ಒರೆಸಿಕೊಂಡು, ಕೂದಲು ನೇವರಿಸಿಕೊಂಡು, ಗೂಟಗಳ ನಡುವೆ ದಾಟಿ ಹೋದಳು. ಪದ್ಧತಿಯಂತೆ ಅವನ ಚಾಪೆ ಕೊಡವಿ ಹಾಸಿದಳು. ಮೇಲೆ ಕೂತಳು. ಅಷ್ಟು ವರ್ಷ ಆ ಮನೆಯಲ್ಲಿದ್ದರೂ ಆ ಜಗಲಿಯ ಮೇಲೆ ಅವಳು ಕೂತಿರಲಿಲ್ಲ. ಅಲ್ಲಿಂದ ಬೀದಿ ಕಾಣುತ್ತಿತ್ತು. ಬೀದಿಯ ಕೊನೆಗೆ ಬುರುಜು ಕಾಣುತ್ತಿತ್ತು. ಹೊತ್ತು ಮುಳುಗುವುದು ಪೂರ್ತಿಯಾಗಿ ಕಾಣುತ್ತಿತ್ತು. ಇದನ್ನೆಲ್ಲ ಇವರು ದಿನಾ ನೋಡುತ್ತಿದ್ದರೇ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಯಜಮಾನ ಜಗಲಿಯ ತುದಿಯಲ್ಲಿ ಮೂರು ಕಲ್ಲು ಹೂಡಿದ್ದ. ಬಗ್ಗಿ ಊದಿ ಊದಿ ಮುಖವೆಲ್ಲ ಬೂದಿ. ಬಹಳ ಹೊತ್ತಿನ ಮೇಲೆ ಒಂದು ಲೋಟ ಕಾಫಿ ತಂದು ಎರಡೂ ಕೈಯಿಂದ ಅವಳ ಮುಂದೆ ಹಿಡಿದ. ಹಿಡಿದು, ಅವಳ ಬಾಯನ್ನೇ ನೋಡುತ್ತ ನಿಂತ. ಆ ನೋಟ ಅವಳಿಗೆ ಚೆನ್ನಾಗಿ ಗುರುತಿತ್ತು. ಬಡಿಸಿದ ಮೇಲೆ ತಾನು ಪ್ರತಿದಿನ ನಿಂತು ನೋಡುತ್ತಿದ್ದ ನೋಟ ಅದು.

ಅವಳು ಕುಡಿದಳು. ಹಾಲು ಸೀದಿತ್ತು. ಬೆಲ್ಲ ಹಾಕಲು ಮರೆತಿದ್ದ. ಗಸಿ ನಾಲಿಗೆಗೆ ಸಿಕ್ಕಿತು. ಕೊನೆಯ ಗುಟುಕಿನವರೆಗೂ ಕುಡಿದು ಲೋಟ ಕೆಳಗಿಟ್ಟಳು. ಪದ್ಧತಿಗಾಗಿ ಬಾಯಿ ತೆರೆದಳು. ತನ್ನ ಕೈಗೆ ಯಾರಾದರೂ ಒಂದು ಲೋಟ ತಂದುಕೊಟ್ಟು ಎಷ್ಟು ಕಾಲವಾಯಿತು ಎಂದು ಆಗ ನೆನಪಾಗಿ, ಹೊರಟದ್ದು ಪದ್ಧತಿಯ ಆಹಾ ಆಗಿ ಉಳಿಯಲಿಲ್ಲ.

"ಆಹಾ!" ಎಂದಳು.

ಅದಕ್ಕೂ ಕಾಲಿರಲಿಲ್ಲ. ಅದು ಜಗಲಿಯ ಬೇಲಿ ದಾಟಿತು, ಹಿತ್ತಲ ಬೇಲಿ ದಾಟಿತು. ಅಲ್ಲಿ ಅಂಗಳ ಗುಡಿಸುತ್ತಿದ್ದ ಆಚೆಮನೆಯಾಕೆ ಪೊರಕೆ ನಿಲ್ಲಿಸಿ ಕೂಗಿದಳು.

"ಏನಕ್ಕಾ, ಏನು ಮಾಡಿದ್ರಿ ಇವತ್ತು?"

"ನಾನಲ್ಲ ಕಣೇ," ಎಂದು ಮನೆಯಾಕೆ ಬುರುಜಿನವರೆಗೂ ಕೇಳುವ ಹಾಗೆ ಕೂಗಿ ಹೇಳಿದಳು, "ಇವರು ಮಾಡಿದ್ದು!"